ಒಂದೇ ಕೆಂಪಿನ ನಾಲ್ಕು ಪಾಕೀಟು

ನನ್ನ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದ ಹೆಂಗಸನ್ನು ಒಂದು ದಿನ ಮುಂಜಾನೆ ಬಾಗಿಲಿನಿಂದಲೇ ತಿರುಗಿ ಕಳಿಸಿದೆ. ಆಕೆ ತಪ್ಪು ಮಾಡಿದ್ದಾಳೆ ಎಂದು ಹೇಳಿ ಕಳಿಸಿದೆ. ತಪ್ಪು ನನ್ನದಾಗಿತ್ತು, ಅದು ನನಗೆ ಆಗಲೇ ಗೊತ್ತಿತ್ತು. ಅದು ಹೇಗಾಯಿತು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ. ನಾನು ಸಾಲಿ ಕಲಿತದ್ದು ಎರಡನೇತ್ತೆ ತನಕ. ದೊಡ್ಡ ಅಕ್ಷರ ಇದ್ದು, ಯಾರೂ ಅವಸರ ಮಾಡದಿದ್ದರೆ ಒಂದೊಂದೇ ಕೂಡಿಸಿ ಓದುತ್ತೇನೆ. ಇಷ್ಟುದ್ದ ಬರೆಯಲು ಕೈ ಬರುವುದಿಲ್ಲ. ನಾನು ಹೇಳಿದೆ, ನಮ್ಮ ಪಾಕೀಟಿನ ಚಿತ್ರ ಮಾಡಿದ ಹುಡುಗಿ ಬರೆದುಕೊಂಡಳು. ಅಲ್ಲಲ್ಲಿ ಮೆತ್ತಗೆ ಮಾಡಲು ನೋಡಿದಳು. ಬೇಡ ಎಂದೆ.

ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗದ ಕುಣಿ ಮುಚ್ಚಿ, ಮೇಲೆ ಕಲ್ಲು ಹಾಸಿ, ಅಲ್ಲಿ ಹಿಂಡಿ ಮಾಡಲು ಕುಳಿತೆವು. ಹಿಂಡಿ ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಪುಡಿ. ಶೇಂಗಾದ್ದು, ಅಗಸಿಯದ್ದು, ಗುರೆಳ್ಳಿನದ್ದು. ಆರು ಜನ ಹೆಂಗಸರು, ಎಲ್ಲರೂ ನೇಕಾರರ ಮನೆಯವರು. ಕಂಡಿಕೆ ಸುತ್ತಿ, ಸೀರೆಯ ಮೈಯ ಎಳೆಗೆ ಸೆರಗಿನ ಎಳೆ ಕೂಡಿಸಿ ಬೆರಳು ಸವೆಸಿದವರು. ಹುರಿಯುವವರು ಇಬ್ಬರು, ಕುಟ್ಟುವವರು ಇಬ್ಬರು, ತುಂಬುವವಳು ಒಬ್ಬಳು. ಎಲ್ಲರ ಮೇಲೆ ಒದರುವವಳು ನಾನು.

ಹಿಂಡಿ ದೊಡ್ಡ ವಿದ್ಯೆಯಲ್ಲ, ಆದರೆ ಪಾಳಿ ತಪ್ಪಬಾರದು. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವ ತನಕ ಹುರಿಯಬೇಕು. ಸದ್ದು ನಿಂತ ಮೇಲೂ ಬಿಟ್ಟರೆ ಕಹಿ. ಆರಿದ ಮೇಲೆ ಒಣಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಹುಣಸೆ ಕೂಡಿಸಿ ಒಳ್ಳಿನಲ್ಲಿ ಕುಟ್ಟಬೇಕು. ಉಪ್ಪು ಕೊನೆಗೆ.

ನಾನು ತಿರುಗಿ ಕಳಿಸಿದ್ದು ತುಂಬುವವಳನ್ನು. ನನಗಿಂತ ಹತ್ತು ವರ್ಷ ಸಣ್ಣವಳು, ಗಂಡ ಇಲ್ಲ, ಸಾಲಿಯ ಕಟ್ಟೆ ಹತ್ತಿದವಳೇ ಅಲ್ಲ. ತಕ್ಕಡಿಗೆ ಇಡುವ ಮೊದಲೇ ಆಕೆಯ ಕೈಗೆ ತೂಕ ತಿಳಿಯುತ್ತಿತ್ತು. ಮಧ್ಯಾಹ್ನದ ತನಕ ನಮ್ಮಲ್ಲಿ ತುಂಬಿ, ಆಮೇಲೆ ಓಣಿಯ ನಾಲ್ಕು ಮನೆಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಆಕೆಯ ಬದುಕು ಅಂದರೆ ಆ ಎರಡು ಕೆಲಸ, ಮತ್ತೆ ಕೈ ಚೊಕ್ಕ ಅನ್ನುವ ಹೆಸರು. ಅಷ್ಟೇ.

ಬಾಗಲಕೋಟೆಯಲ್ಲಿ ನಮ್ಮ ಹಿಂಡಿ ಮಾರುವ ಅಂಗಡಿಯ ಸಾವಕಾರ ಒಮ್ಮೆ ಹೊಸ ಬೇಡಿಕೆ ತಂದ. ಆತನ ಗಿರಾಕಿ ಒಬ್ಬರು ಪಿಂಚಣಿ ಮಾಸ್ತರು, ಕಿಡ್ನಿ ಕೆಟ್ಟಿದೆ, ಡಾಕ್ಟರು ಉಪ್ಪು ಬಿಡಿಸಿದ್ದಾರೆ, ಮಾಸ್ತರು ಹಿಂಡಿ ಇಲ್ಲದೆ ರೊಟ್ಟಿ ಮುಟ್ಟುವುದಿಲ್ಲ. ಉಪ್ಪಿಲ್ಲದ ಗುರೆಳ್ಳ ಹಿಂಡಿ ಮಾಡಿ ಕೊಡ್ರಿ ಎಂದ. ಮಾಡಿದೆವು. ಒಳ್ಳನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಉಪ್ಪಿನ ಗಡಿಗೆಯ ಮುಚ್ಚಳ ತೆಗೆಯುವ ಮೊದಲೇ, ಮುಂಜಾನೆಯ ಮೊದಲ ಕೆಲಸ ಅದು. ಮಾಸ್ತರನ್ನು ನೋಡಿ ಇನ್ನಷ್ಟು ಮನೆಯವರು ಕೇಳತೊಡಗಿದರು. ಬಿಪಿಯವರು, ಕಾಲಿಗೆ ಬಾವು ಬರುವವರು.

ಉಪ್ಪಿನದೂ ಉಪ್ಪಿಲ್ಲದ್ದೂ ಕಣ್ಣಿಗೆ ಒಂದೇ, ಎರಡೂ ಕರಿ ಪುಡಿ. ಆಗ ನಾವು ಹಿಂಡಿಯನ್ನು ಬರೀ ಪಾರದರ್ಶಕ ಪಾಕೀಟಿಗೆ ತುಂಬಿ ಬಾಯಿಗೆ ದಾರ ಕಟ್ಟುತ್ತಿದ್ದೆವು. ಶೇಂಗಾಕ್ಕೆ ಕೆಂಪು, ಅಗಸಿಗೆ ಹಸಿರು, ಗುರೆಳ್ಳಿಗೆ ಕರಿ. ಉಪ್ಪಿಲ್ಲದ್ದಕ್ಕೆ ಬಿಳಿ ದಾರ, ಎರಡು ಗಂಟು. ಮಗ್ಗದಿಂದ ಉಳಿದ ದಾರ ಮನೆಯಲ್ಲಿ ಬೇಕಾದಷ್ಟಿತ್ತು. ಕೈಯಿಂದ ಮುಟ್ಟಿದರೂ ತಿಳಿಯಲಿ ಎಂದು ಎರಡನೇ ಗಂಟು ಹಾಕಿದವಳು ತುಂಬುವವಳೇ. ನಾಲ್ಕು ವರ್ಷದಲ್ಲಿ ಒಂದು ಪಾಕೀಟೂ ಅದಲು ಬದಲಾಗಲಿಲ್ಲ.

ಆಮೇಲೆ ಸಾವಕಾರ ಅಂಗಡಿ ದೊಡ್ಡದು ಮಾಡಿದ. ಗಾಜಿನ ಕಪಾಟು, ಒಳಗೆ ದೀಪ. ಒಂದು ದಿನ ಬಂದು ನಮ್ಮ ಪಾಕೀಟು ಎತ್ತಿ ತೋರಿಸಿದ.

"ಆಯಿ, ಈ ದಾರದ ಗಂಟು ನೋಡಿದ್ರ ಮಂದಿ ಗುಡಿಯಿಂದ ತಂದ ಅಂಗಾರದ ಪೊಟ್ಟಣಾ ಅಂತಾರ. ಹಣಿಗೆ ಹಚಗೋಬೇಕೋ ರೊಟ್ಟಿಗೆ ಹಚಗೋಬೇಕೋ ತಿಳಿಯೂದಿಲ್ಲ."

"ಬಾಯಾಗ ಇಟಗೊಂಡ ಮ್ಯಾಲ ತಿಳೀತೈತಿ."

"ಬಾಯಿಗೆ ಹೋಗೂಕಿಂತ ಮೊದಲ ಕಣ್ಣಿಗೆ ಹೋಗಬೇಕ್ರಿ ಈಗ. ನವನಗರದಾಗ ಒಬ್ಬಾಕಿ ಡಿಜೈನ್ ಮಾಡೂ ಹುಡುಗಿ ಅದಾಳ. ಕರಕೊಂಡು ಹೋಗತೇನಿ, ಬರ್ರಿ."

ಹೋದೆ. ಆ ಹುಡುಗಿಯ ಮನೆಯವರೆಲ್ಲ ಮಾಸ್ತರಿಕೆ ಮಾಡಿದವರು, ಗೋಡೆಯ ತುಂಬ ಪುಸ್ತಕ. ಆಕೆ ಚಿತ್ರ ತೆಗೆಯುತ್ತಾಳೆ ಎಂದುಕೊಂಡು ಹೋಗಿದ್ದೆ, ಆಕೆ ಮೊದಲು ಪ್ರಶ್ನೆ ತೆಗೆದಳು. ಯಾರು ಕೊಳ್ಳುತ್ತಾರೆ? ಅಂಗಡಿಯಲ್ಲಿ ಎಷ್ಟು ದೂರ ನಿಂತು ನೋಡುತ್ತಾರೆ? ಮನೆಯಲ್ಲಿ ಎಲ್ಲಿ ಇಡುತ್ತಾರೆ? ಹಿಂಡಿ ಎಲ್ಲಿ ಇಡುತ್ತಾರೆ ಎಂದು ಕೇಳಲು ಕಂಪ್ಯೂಟರ್ ಕಲಿಯಬೇಕೇ ಎಂದು ನಾನು ಒಳಗೇ ನಕ್ಕೆ. ಎಂಟು ದಿನ ಬಿಟ್ಟು ಕರೆಸಿ ಮೂರು ನಮೂನೆ ತೋರಿಸಿದಳು. ಮೊದಲನೆಯದರಲ್ಲಿ ನಾಲ್ಕು ಹಿಂಡಿಗೆ ನಾಲ್ಕು ಬಣ್ಣ. ಎರಡನೆಯದರಲ್ಲಿ ಕಾಳಿನ ದೊಡ್ಡ ಚಿತ್ರ. ಮೂರನೆಯದನ್ನು ಪರದೆಯ ಮೇಲೆ ತಂದಾಗ ನಾನು ಕುರ್ಚಿಯಿಂದ ಅರ್ಧ ಎದ್ದೆ.

ಅದು ನಮ್ಮ ಸೆರಗು. ಇಳಕಲ್ ಸೀರೆಯ ಕೆಂಪು ಸೆರಗು, ಅದರ ಮೇಲೆ ಹಲ್ಲುಹಲ್ಲಾಗಿ ಬಿಳಿ ತೆನೆ. ನಡುವೆ ನಮ್ಮ ಹಿಂಡಿಯ ಹೆಸರು ಬಳ್ಳಿಯ ಹಾಗೆ ಬಳುಕಿದ ಅಕ್ಷರದಲ್ಲಿ. ಯಾವ ಹಿಂಡಿ ಎಂಬುದು ಅದರ ಕೆಳಗೆ, ಸಣ್ಣದಾಗಿ, ಅದೇ ಬಳುಕು ಅಕ್ಷರದಲ್ಲಿ. ನಾಲ್ಕೂ ಪಾಕೀಟು ಅದೇ ಕೆಂಪು.

"ಇದ," ಎಂದೆ.

ಹುಡುಗಿ ಒಪ್ಪಲಿಲ್ಲ. "ಆಯಿ, ಚಂದ ಐತಿ ಖರೆ, ನಾನ ಮಾಡೇನಿ. ಆದ್ರ ನಾಲ್ಕೂ ಒಂದ ಥರಾ ಕಾಣತಾವ. ನೀವು ಉಪ್ಪಿಲ್ಲದ್ದು ಬ್ಯಾರೆ ಅಂದೀರಿ. ಅದರ ಮ್ಯಾಲ ಒಂದ ದೊಡ್ಡ ಬಿಳಿ ಬೊಟ್ಟ ಇಡೋಣೇನ್ರಿ?"

"ಸೆರಗಿಗೆ ಸುಣ್ಣಾ ಸಿಡದಂಗ ಕಾಣತೈತಿ. ಬ್ಯಾಡ."

"ನಿಮ್ಮಲ್ಲೆ ತುಂಬೂವ್ರು ಓದತಾರೇನ್ರಿ?"

ಸಾವಕಾರ ಪಕ್ಕದ ಕುರ್ಚಿಯಲ್ಲಿದ್ದ. ಗೋಡೆಯ ತುಂಬ ಪುಸ್ತಕವಿತ್ತು. "ಎಲ್ಲಾರೂ ಓದತಾರ," ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅದರಲ್ಲಿ ಯೋಚಿಸಲು ಬಹಳ ಏನಿಲ್ಲ. ನಾಚಿಕೆ. ಇಲ್ಲ ಎಂದಿದ್ದರೆ ಮುಂದಿನ ಪ್ರಶ್ನೆ ನನ್ನ ಮೇಲೆ ಬರುತ್ತಿತ್ತು. ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಹಂಗಾರ ಒಮ್ಮೆ ಓದಿಬಿಡ್ರಿ. ಎಲ್ಲೆರ ತಪ್ಪ ಇದ್ರ ಈಗ ಹೇಳ್ರಿ." ನನಗೆ ಗೊತ್ತಿದ್ದದ್ದು ಪಾಟಿಯ ಮೇಲಿನ ಅಕ್ಷರ, ನೆಟ್ಟಗೆ ನಿಲ್ಲುವಂಥದ್ದು. ಇವುಗಳಿಗೆ ತಲೆ ಎಲ್ಲಿ, ಬಾಲ ಎಲ್ಲಿ ತಿಳಿಯಲಿಲ್ಲ. ಓದುವವರಿಗೆ ಎಷ್ಟು ಹೊತ್ತು ಹಿಡಿಯಬಹುದೋ ಅಷ್ಟು ಹೊತ್ತು ಪರದೆ ನೋಡಿದೆ. ಕಣ್ಣನ್ನು ಎಡದಿಂದ ಬಲಕ್ಕೆ ಸರಿಸಿದೆ. ನಂತರ "ಸರಿ ಐತಿ" ಎಂದೆ.

ಅಚ್ಚಾದ ಖಾಲಿ ಪಾಕೀಟು ನಾಲ್ಕು ಗಂಟಾಗಿ ಬಂದವು. ಒಂದೊಂದು ಗಂಟಿನ ಮೇಲೂ ಯಾವ ಹಿಂಡಿಯದ್ದು ಎಂದು ಚೀಟಿ ಅಂಟಿಸಿತ್ತು. ತಂದ ಆಳಿನಿಂದ ಬಾಯಲ್ಲಿ ಹೇಳಿಸಿಕೊಂಡು, ಗೋಡೆಯ ಹಲಗೆಯ ಮೇಲೆ ಸಾಲಾಗಿ ಇಟ್ಟೆ. ಎಡದ ತುದಿಗೆ ಉಪ್ಪಿಲ್ಲದ್ದು, ಪಕ್ಕಕ್ಕೆ ಗುರೆಳ್ಳು, ಆಮೇಲೆ ಅಗಸಿ, ಶೇಂಗಾ. ಹೆಂಗಸರೆಲ್ಲ ಪಾಕೀಟು ಕೈಯಲ್ಲಿ ಹಿಡಿದು ಹಿಗ್ಗಿದರು. ಕುಟ್ಟುವವಳು ಒಬ್ಬಳು ಅದನ್ನು ತಲೆಯ ಮೇಲೆ ಇಟ್ಟುಕೊಂಡು, "ನೋಡ್ರಿ, ಸೆರಗು ಹೊತಗೊಂಡೆ," ಎಂದಳು. ತುಂಬುವವಳು ಮಾತ್ರ ಎರಡು ಪಾಕೀಟು ಅಕ್ಕಪಕ್ಕ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಯಕ್ಕಾ, ಇವೆರಡೂ ಒಂದ ಅದಾವಲ್ಲ."

"ಒಂದಲ್ಲ. ಕೆಳಗ ಬರದೈತಿ ನೋಡು."

"ನನಗೇನ ತಿಳೀತೈತಿ? ನೀನ ಓದಿ ಹೇಳು. ಯಾವುದರಾಗ ಏನೈತಿ?"

"ಎಡಕ ಇದ್ದದ್ದು ಉಪ್ಪಿಲ್ಲದ್ದು. ಅಷ್ಟ ನೆಪ್ಪಿಟ್ಟಗೊಂಡು ತುಂಬು, ಬಾಯಿ ಬ್ಯಾಡ."

"ಒಂದ ಬಿಳಿ ದಾರಾನೂ ಕಟ್ಟತೇನಿ ಬಿಡು, ನನ್ನ ಸಮಾಧಾನಕ್ಕ."

"ಇಂಥಾ ಪಾಕೀಟಿಗೆ ದಾರಾ ಕಟ್ಟತಾರೇನು? ಲಗ್ನದ ಹೆಣ್ಣಿಗೆ ಹಗ್ಗಾ ಕಟ್ಟಿದಂಗ."

ಎಲ್ಲರೂ ನಕ್ಕರು. ಆಕೆ ದಾರದ ಡಬ್ಬಿ ಮುಚ್ಚಿ ಇಟ್ಟಳು. ನಾಲ್ಕು ತಿಂಗಳು ಹಲಗೆಯ ಸಾಲನ್ನೇ ನೆಚ್ಚಿ ಕೆಲಸ ನಡೆಯಿತು. ಪಾಕೀಟಿನ ಮೇಲೆ ಅಕ್ಷರ ಇತ್ತು, ಆದರೆ ನಮ್ಮ ಕೋಣೆಯಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ.

ಪಂಚಮಿಗೆ ಮೊದಲು ಗೋಡೆಗೆ ಸುಣ್ಣ ಹಚ್ಚಬೇಕಿತ್ತು. ಅವತ್ತು ಯಾರನ್ನೂ ಕರೆಯದೆ ನಾನೇ ಗಂಟುಗಳನ್ನು ಇಳಿಸಿ ಅಂಗಳದಲ್ಲಿಟ್ಟೆ. ಸಣ್ಣ ಮಳೆ ಬಂತು, ಅವಸರದಲ್ಲಿ ಒಳಗೆ ಎಳೆದೆ. ಸುಣ್ಣ ಒಣಗಿದ ಮೇಲೆ ಏರಿಸಲು ಹೋದರೆ ಎರಡು ಗಂಟಿನ ಚೀಟಿ ನೆಂದು ಬಿದ್ದುಹೋಗಿದ್ದವು. ಶೇಂಗಾ ಮತ್ತು ಅಗಸಿಯ ಚೀಟಿ ಉಳಿದಿದ್ದವು. ಅವುಗಳ ಮೇಲೆ ನೆಟ್ಟಗಿನ ಅಕ್ಷರ, ಅವನ್ನು ಕೂಡಿಸಿ ಓದಿದೆ. ಇನ್ನೆರಡು ಗಂಟು ಕೈಯಲ್ಲಿ ಹಿಡಿದು ನಿಂತೆ. ಪಕ್ಕದ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿ ಇದ್ದಳು, ಗೋಡೆಯ ಮೇಲಿಂದ ಕೂಗಿದರೆ ಬರುತ್ತಿದ್ದಳು. ಕೂಗಲಿಲ್ಲ. ನಾಳೆ ಆಕೆ ತಾಯಿಯ ಮುಂದೆ, "ಆಯಿಗೆ ತಮ್ಮ ಪಾಕೀಟ ತಮಗ ಓದಾಕ ಬರೂದಿಲ್ಲ," ಎನ್ನುತ್ತಾಳೆ ಎಂದು. ಇದೇ ಇರಬೇಕು ಎಂದು ಒಂದನ್ನು ಎಡಕ್ಕಿಟ್ಟೆ, ಇನ್ನೊಂದನ್ನು ಪಕ್ಕಕ್ಕಿಟ್ಟೆ. ಕೈ ಸ್ವಲ್ಪ ಅನುಮಾನಿಸಿತು. ಅದನ್ನು ಅನುಮಾನ ಎಂದು ಒಪ್ಪಿಕೊಳ್ಳದೆ ಕೈ ತೊಳೆದುಕೊಂಡೆ.

ಮರುದಿನ ತುಂಬುವವಳು ಬಂದು, ಹೇಳಿಕೊಟ್ಟ ಹಾಗೆ ತುಂಬಿದಳು. ಉಪ್ಪಿಲ್ಲದ ಹಿಂಡಿಯನ್ನು ಎಡಗಡೆಯ ಪಾಕೀಟಿಗೆ, ಉಪ್ಪಿನದನ್ನು ಪಕ್ಕದ್ದಕ್ಕೆ. ಹೀಗೆ, 'ಉಪ್ಪಿಲ್ಲ' ಎಂದು ಬರೆದ ಪಾಕೀಟಿನೊಳಗೆ ಉಪ್ಪು ಹೋಯಿತು.

ಎರಡು ವಾರ ಕಳೆದು ಸಾವಕಾರ ಫೋನು ಮಾಡದೆ ತಾನೇ ಬಂದ. ಕೈಯಲ್ಲಿ ನಮ್ಮ ಒಡೆದ ಪಾಕೀಟು. ಬಾಗಿಲಲ್ಲೇ ನಿಂತು, "ಯಾರ ತುಂಬಿದಾರ ಇದನ್ನ?" ಎಂದ. ಮಾಸ್ತರನ್ನು ದವಾಖಾನೆಗೆ ಹಾಕಿದ್ದರು. ಮುಖ, ಕಾಲು ಬಾತು ಉಸಿರು ಹಿಡಿದಿತ್ತು. ಏನು ತಿಂದರು ಎಂದು ಹುಡುಕುತ್ತ ಸೊಸೆ ಹಿಂಡಿಯನ್ನು ನಾಲಗೆಗೆ ಹಚ್ಚಿಕೊಂಡು ನೋಡಿದ್ದಳು. ಸಾವಕಾರ ಅಂಗಡಿಯಲ್ಲಿ ಉಳಿದ ಗುರೆಳ್ಳಿನ ಪಾಕೀಟು ಒಡೆದು ನೋಡಿದರೆ ಎಲ್ಲದರಲ್ಲೂ ಅದಲು ಬದಲು. ಮಾರಿದ್ದನ್ನು ಮನೆಮನೆಗೆ ಹೋಗಿ ಹಿಂದಕ್ಕೆ ತಂದಿದ್ದ.

ಒಲೆಯ ಮುಂದಿನವರು ಕೈ ನಿಲ್ಲಿಸಿದರು. ನನ್ನ ಕಣ್ಣು ತಾನಾಗಿ ಹಲಗೆಯ ಕಡೆ ಹೋಯಿತು. ಆ ಕ್ಷಣವೇ ನನಗೆ ಎಲ್ಲ ತಿಳಿಯಿತು. ಬಾಯಿ ತೆರೆದೆ. ಬಂದ ಮಾತು ಇದು:

"ತುಂಬೂದು ಈಕಿ. ಈಕಿಗೆ ಓದಾಕ ಬರೂದಿಲ್ಲ."

ಸಾವಕಾರ ಆಕೆಯ ಕಡೆ ತಿರುಗಿದ. "ಓದಾಕ ಬರದವರನ್ನ ಇಂಥಾ ಕೆಲಸಕ್ಕ ಹಚ್ಚತಾರೇನ್ರಿ, ಆಯಿ? ಒಂದ ಜೀವಾ ಹೋಗತಿತ್ತು. ಈಕಿ ಇಲ್ಲಿ ಇರೂತನಾ ನಿಮ್ಮ ಮಾಲು ನನ್ನ ಅಂಗಡ್ಯಾಗ ಇಡೂದಿಲ್ಲ."

ತುಂಬುವವಳು ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ಬಾಗಿಲು ತೆರೆಯುತ್ತಾರೋ ಇಲ್ಲವೋ ಎಂದು ಹೊರಗೆ ನಿಂತವರು ನೋಡುವ ಹಾಗೆ ನೋಡಿದಳು. ನಾನು ಒಲೆಯ ಕಡೆ ತಿರುಗಿ, ಗುರೆಳ್ಳು ಹೊತ್ತುತ್ತಿದೆ ಎಂದು ಬೈದೆ. ಮರುದಿನ ಮುಂಜಾನೆ ಆಕೆ ಎಂದಿನ ಹೊತ್ತಿಗೆ ಬಂದಳು. ನಾನು ಬಾಗಿಲಲ್ಲಿ ನಿಂತು, "ಬ್ಯಾಡ, ಹೋಗು," ಎಂದೆ. ಅಷ್ಟೇ ಅಂದದ್ದು.

ಓಣಿಯಲ್ಲಿ ಮಾತು ಬೆಳೆಯಿತು. ಯಾರದೋ ಹಿಂಡಿಗೆ ಏನೋ ಹಾಕಿದಳಂತೆ, ಯಾರೋ ಸಾಯಲಿಕ್ಕೆ ಬಿದ್ದರಂತೆ. ರೊಟ್ಟಿ ಬಡಿಸಿಕೊಳ್ಳುತ್ತಿದ್ದ ನಾಲ್ಕು ಮನೆಯವರೂ ಒಬ್ಬರ ನಂತರ ಒಬ್ಬರು ಬಿಡಿಸಿದರು. ತಿಂಗಳೊಳಗೆ ಆಕೆ ಚೊಳಚಗುಡ್ಡದ ತಂಗಿಯ ಮನೆಗೆ ಹೋದಳು ಎಂದು ಕೇಳಿದೆ. ಅವತ್ತು ನಾನು ಬಸ್ಸು ಹತ್ತಿದ್ದು ಆಕೆಯ ಕಡೆಗಲ್ಲ, ಬಾಗಲಕೋಟೆಗೆ, ಮಾಸ್ತರನ್ನು ನೋಡಲಿಕ್ಕೆ. ಅದೂ ಒಂದು ಹೇಡಿತನ ಇರಬಹುದು.

ಮಾಸ್ತರು ಮನೆಗೆ ಬಂದಿದ್ದರು. ದಿಂಬಿಗೆ ಒರಗಿ ಕುಳಿತಿದ್ದರು, ಮುಖ ಇಳಿದಿತ್ತು. ವಾರಕ್ಕೆ ಎರಡು ಸಲ ಯಂತ್ರಕ್ಕೆ ರಕ್ತ ಕೊಟ್ಟು ಶುದ್ಧ ಮಾಡಿಸಿಕೊಂಡು ಬರಬೇಕಿತ್ತು. ಅದು ಇವತ್ತಲ್ಲ ನಾಳೆ ಬರುವುದೇ ಇತ್ತು, ಹಿಂಡಿಯಿಂದಲೇ ಎಂದು ಹೇಳಲಾಗದು ಎಂದು ಡಾಕ್ಟರು ಅಂದರಂತೆ. ಆ ಮಾತನ್ನು ನಾನು ಹಿಡಿದುಕೊಂಡಿಲ್ಲ. ಮಾಸ್ತರಿಗೆ ನನ್ನ ಮೇಲೆ ಸಿಟ್ಟೇ ಇರಲಿಲ್ಲ.

"ಎಂಟು ದಿನಾ ಮನಷ್ಯಾರ ಊಟಾ ಉಂಡೆ ನೋಡ್ರಿ," ಎಂದರು. "ನಮ್ಮ ಸೊಸಿಗೆ ಹೇಳಲಿಲ್ಲ, ಹೇಳಿದ್ರ ಕಸಗೋತಿದ್ಲು."

"ಉಪ್ಪು ತಿಳೀಲಿಲ್ಲೇನ್ರಿ?"

"ನಾಲಿಗಿ ಉಪ್ಪೈತಿ ಅಂತು. ಪಾಕೀಟಿನ ಮ್ಯಾಲ ಇಲ್ಲ ಅಂತ ಬರದಿತ್ತು. ಜೀವನಾ ಎಲ್ಲಾ ಹುಡುಗರಿಗೆ ಬರದದ್ದನ್ನ ನಂಬ್ರಿ ಅಂತ ಕಲಿಸಿದವ ನಾನು. ನಾಲಿಗಿ ಮಾತು ಕೇಳತೇನೇನು?" ಪಕ್ಕದ ಮೇಜಿನಿಂದ ಖಾಲಿ ಪಾಕೀಟು ತೆಗೆದು ಕೈಗೆ ಕೊಟ್ಟರು. "ನೀವ ಓದ್ರಿ. ಹಂಗ ಬರದೈತೋ ಇಲ್ಲೋ?"

"ಕನ್ನಡಕಾ ಮರತ ಬಂದೇನ್ರಿ."

ಮಾಸ್ತರು ತಮ್ಮ ಕನ್ನಡಕ ತೆಗೆದು ಕೊಟ್ಟರು. ಹಾಕಿಕೊಂಡೆ. ಅಕ್ಷರ ದೊಡ್ಡವಾದವು, ಹತ್ತಿರ ಬಂದವು, ಏನೂ ಹೇಳಲಿಲ್ಲ. ಕಣ್ಣನ್ನು ಎಡದಿಂದ ಬಲಕ್ಕೆ ಸರಿಸಿದೆ. ಬೇರೆಯವರ ಮುಂದೆ ಅದು ನಡೆಯುತ್ತಿತ್ತು. ಅವರು ಮಾಸ್ತರು, ಓದದೆ ಓದಿದ ಹಾಗೆ ಮಾಡುವ ಮುಖವನ್ನು ದಿನಾ ನೋಡಿದವರು.

"ಎಷ್ಟನೇತ್ತೆ ತನಾ ಬಂದೀರಿ ಸಾಲಿಗೆ?" ಮೆತ್ತಗೆ ಕೇಳಿದರು.

"ಎರಡನೇತ್ತೆ."

"ತುಂಬಿದಾಕಿನ್ನ ಬಿಡಿಸಿದ್ರಂತಲ್ಲ, ಓದಾಕ ಬರೂದಿಲ್ಲ ಅಂತ?"

ಕನ್ನಡಕ ಮಡಚಿ ಅವರ ಕೈಗೆ ಕೊಟ್ಟು ಎದ್ದೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಡೆ ನಡೆದವಳು ಅರ್ಧ ದಾರಿಯಲ್ಲಿ ನಿಂತು, ನವನಗರಕ್ಕೆ ಆಟೋ ಹಿಡಿದೆ.

ಡಿಜೈನ್ ಹುಡುಗಿ ಬಾಗಿಲು ತೆಗೆದಳು. ನಿಂತಲ್ಲೇ ಹೇಳಿದೆ: ನಮ್ಮಲ್ಲಿ ಯಾರೂ ಓದುವುದಿಲ್ಲ. ನಾನೂ ಆ ಅಕ್ಷರ ಓದಲಿಲ್ಲ, ಓದಿದ ಹಾಗೆ ಮಾಡಿದೆ. ಗಂಟು ಅದಲು ಬದಲು ಇಟ್ಟವಳು ನಾನು. ಆಕೆಗೆ ಸಿಟ್ಟು ಬಂತು. ಬರಬೇಕಾದದ್ದೇ.

"ಅವತ್ತ ಹೇಳಿದ್ರ ಐದು ಮಿನಿಟಿನ ಕೆಲಸಾ ಇತ್ತಲ್ರಿ, ಆಯಿ. ಅದಕ್ಕ ಕೇಳಿದ್ದೆ ನಾ. ನನ್ನ ಹೆಸರಿನ ಕೆಲಸಾ ಅದು. ಯಾರಿಗೋ ಉಪ್ಪು ತಿನಿಸಿ ದವಾಖಾನಿಗೆ ಕಳಿಸೈತಿ."

ಬಯ್ದ ಮೇಲೆ ಕೂರಿಸಿದಳು. ಮುಂದಿನ ವಾರ ಇಳಕಲ್ಲಿಗೆ ತಾನೇ ಬಂದಳು. ನಮ್ಮ ನಡುವೆ ನೆಲದ ಮೇಲೆ ಕುಳಿತು, ಕಾಗದದಲ್ಲಿ ಮಾಡಿದ ಪಾಕೀಟು ಹರಡಿ, ಏನೂ ಹೇಳಿಕೊಡದೆ, "ಇದರಾಗ ಏನೈತಿ ಹೇಳ್ರಿ," ಎಂದಳು. ಶೇಂಗಾಕಾಯಿಯ ಚಿತ್ರ ತಿಳಿಯಿತು, ಅಗಸಿಯ ನೀಲಿ ಹೂವು ತಿಳಿಯಿತು. ಉಪ್ಪಿಲ್ಲದ್ದಕ್ಕೆ ಉಪ್ಪಿನ ಚಮಚ ಬರೆದು ಅದರ ಮೇಲೆ ಕೆಂಪು ಕತ್ತರಿ ಗೆರೆ ಎಳೆದಿದ್ದಳು. ಹುರಿಯುವವಳು ಅದನ್ನು ಹಿಡಿದು ಬಹಳ ಹೊತ್ತು ನೋಡಿದಳು.

"ಇದು ದವಾಖಾನಿ ಉಪ್ಪು," ಎಂದಳು. "ಒಂದ ಚಮಚಾ ಹಾಕ್ರಿ ಅಂತ."

ಹುಡುಗಿ ಹಣೆ ಬಡಿದುಕೊಂಡಳು, ಆಮೇಲೆ ನಕ್ಕಳು. ಓದಿದವರಿಗೆ ಆ ಗೆರೆ 'ಇಲ್ಲ' ಅನ್ನುತ್ತದಂತೆ. ನಮ್ಮವರು ಅದರಲ್ಲಿ ಕಂಡದ್ದು ಚಮಚ, ಉಪ್ಪು, ಮತ್ತೆ ದವಾಖಾನೆಯ ಗೋಡೆಯ ಮೇಲಿನ ಕೆಂಪು ಗುರುತು. ಮೂರು ಸಲ ಬಂದಳು, ಮೂರು ಸಲ ಬದಲಿಸಿದಳು. ಕೊನೆಗೆ ಉಪ್ಪಿಲ್ಲದ ಪಾಕೀಟು ಪೂರ್ತಿ ಬಿಳಿ, ಚಿತ್ರವೇ ಇಲ್ಲ, ನೆಟ್ಟಗಿನ ದೊಡ್ಡ ಕರಿ ಅಕ್ಷರ ಮಾತ್ರ. ಉಳಿದ ಮೂರಕ್ಕೆ ಮೂರು ಬಣ್ಣ. "ಬೋಳು ಪಾಕೀಟಿಗೆ ಬೋಳು ಹಿಂಡಿ," ಎಂದು ಹೆಂಗಸರು ತಾವೇ ಹೇಳಿಕೊಂಡರು. ಆ ಸೆರಗಿನ ಚಿತ್ರ ಹೋಯಿತು.

ಹುಡುಗಿ ಕೊನೆಯ ಸಲ ಬಂದುಹೋದ ದಿನವೇ ಹೆಂಗಸರ ಮುಂದೆ ಗಂಟಿನ ಸಂಗತಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಸಾವಕಾರನಿಗೂ ಹೇಳಿದೆ. ಆತ, "ಆಗಿದ್ದು ಆತು ಬಿಡ್ರಿ, ಆಯಿ, ವಯಸ್ಸಾಗೈತಿ ನಿಮಗೂ," ಎಂದ. ಅದೇ ತಪ್ಪಿಗೆ ಆಕೆಗೆ ಬಾಗಿಲು, ನನಗೆ 'ಬಿಡ್ರಿ'.

ದೀಪಾವಳಿ ಕಳೆದ ಮೇಲೆ ಚೊಳಚಗುಡ್ಡಕ್ಕೆ ಹೋದೆ. ಹುನಗುಂದದಲ್ಲಿ ಒಂದು ಬಸ್ಸು ತಪ್ಪಿ, ಬಾದಾಮಿ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ತಂಗಿಯ ಮನೆಯಲ್ಲಿ ಆಕೆ ಬನಶಂಕರಿ ಗುಡಿಯ ಕಡೆ ಇರುತ್ತಾಳೆ ಎಂದರು. ಹೊಂಡದ ಪಕ್ಕದ ಮರಗಳ ಕೆಳಗೆ ಬುಟ್ಟಿಯ ಹೆಂಗಸರು ಸಾಲಾಗಿ ಕುಳಿತು, "ರೊಟ್ಟಿ ಊಟಾ ಬರ್ರಿ, ಗಟ್ಟಿ ಮೊಸರೈತಿ, ಕೆಂಪ ಖಾರೈತಿ," ಎಂದು ಬಂದವರನ್ನು ಕರೆಯುತ್ತಿದ್ದರು. ಆಕೆ ಆ ಸಾಲಿನ ಕೊನೆಗಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು. ನನ್ನನ್ನು ಕಂಡು ಏಳಲಿಲ್ಲ.

"ಕುಂದ್ರು. ಉಣ್ಣತಿಯೇನು?"

"ಉಣ್ಣಾಕ ಬಂದಿಲ್ಲ."

"ಇಲ್ಲಿಗೆ ಎಲ್ಲಾರೂ ಉಣ್ಣಾಕ ಬರತಾರ."

ಕುಳಿತೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ, ಒಂದೂ ನೆನಪಿಗೆ ಬರಲಿಲ್ಲ. "ಗಂಟು ಅದಲಬದಲ ಇಟ್ಟಾಕಿ ನಾ," ಎಂದೆ. "ನನಗೂ ಅದನ್ನ ಓದಾಕ ಬರತಿದ್ದಿಲ್ಲ."

ಆಕೆ ಮೊಸರಿನ ಗಡಿಗೆಯ ಮೇಲಿನ ನೊಣ ಓಡಿಸಿದಳು. "ಗೊತ್ತಿತ್ತು."

"ಏನ ಗೊತ್ತಿತ್ತು?"

"ಎರಡೂ. ಬರತಿದ್ರ, ನಾ ಕೇಳಿದ ದಿನಾನ ಓದಿ ಹೇಳತಿದ್ದಿ. ಬೈತಿದ್ದಿಲ್ಲ. ಸುಣ್ಣಾ ಹಚ್ಚಿದ ದಿನಾ ಗಂಟು ಮುಟ್ಟಿದಾಕಿನೂ ನೀ ಒಬ್ಬಾಕಿನ."

"ಮತ್ತ ಸಾವಕಾರನ ಮುಂದ ಯಾಕ ಬಾಯಿ ಬಿಡಲಿಲ್ಲ?"

"ನೀ ಬಿಡತಿ ಅಂತ ಸುಮ್ಮನಿದ್ದೆ. ಮರುದಿನಾ ಬಂದದ್ದೂ ಅದಕ್ಕ, ಕೆಲಸಕ್ಕಲ್ಲ. ನೀ ಬಾಗಿಲಾಗ ನಿಂತಿದ್ದಿ."

ನಾನು ಹೊಸ ಪಾಕೀಟಿನ ಮಾತು ತೆಗೆದೆ. ಈಗ ತಪ್ಪುವ ಭಯ ಇಲ್ಲ, ಹೆಂಗಸರಿಗೆಲ್ಲ ಹೇಳಿದ್ದೇನೆ, ಸಾವಕಾರನಿಗೂ ಹೇಳಿದ್ದೇನೆ, ಹೊಳ್ಳಿ ಬಾ ಎಂದೆ.

"ಆ ನಾಲ್ಕು ಮನಿಗೆ ಹೇಳೀಯೇನು?"

ನಾನು ಹೇಳಿರಲಿಲ್ಲ. ನನಗೆ ಅದು ಹೊಳೆದೇ ಇರಲಿಲ್ಲ. ನನ್ನ ಕೋಣೆಯೊಳಗೆ ಹೇಳಿ, ಅಲ್ಲಿಗೆ ತೀರಿತು ಎಂದುಕೊಂಡಿದ್ದೆ.

"ನಿನ್ನ ಹಿಂಡಿ ಬಿಟ್ಟರ ನನಗ ಬ್ಯಾರೆ ಹಿಂಡಿ ಸಿಗತೈತಿ," ಎಂದಳು. "ಆ ಓಣಿಯಾಗ ನಾ ಯಾವ ಮಾರಿ ಹೊತಗೊಂಡು ತಿರಗಲಿ?" ಅಷ್ಟರಲ್ಲಿ ಗುಡಿಯಿಂದ ನಾಲ್ಕೈದು ಜನ ಇಳಿದು ಬಂದರು. "ಸರಕೊಂಡು ಕುಂದ್ರು, ಗಿರಾಕಿ ಬಂದ್ರು." ನಾನು ಸರಿದು ಕುಳಿತೆ. ಆಕೆ ಎಲೆ ಹಾಕಿದಳು, ಬಡಿಸಿದಳು, ಅವರ ಜೊತೆ ನಕ್ಕಳು. ನನಗೂ ಒಂದು ಎಲೆ ಹಾಕಿದಳು. ಉಂಡು ಬಂದೆ. ಮತ್ತೆ ಕರೆಯಲಿಲ್ಲ, ಆಕೆ ಬರುತ್ತೇನೆ ಎನ್ನಲೂ ಇಲ್ಲ.

ಮರುದಿನ ಓಣಿಯ ಆ ನಾಲ್ಕು ಮನೆಗೆ ಹೋದೆ. ಮೊದಲ ಮನೆಯವರು ಪೂರ್ತಿ ಕೇಳಿಸಿಕೊಂಡು, "ಹೌದೇನು, ಪಾಪ," ಎಂದರು. ಎರಡನೆಯ ಮನೆಯಲ್ಲಿ ಚಹಾ ಕೊಟ್ಟರು. ಮೂರನೆಯವರು, ನಿಮ್ಮ ವಯಸ್ಸಿನವರು ಇಷ್ಟು ಒಪ್ಪಿಕೊಂಡದ್ದೇ ದೊಡ್ಡದು ಎಂದು ನನ್ನನ್ನೇ ಹೊಗಳಿದರು. ನಾಲ್ಕನೆಯ ಮನೆಯಾಕೆ ಅಕ್ಕಿ ಆರಿಸುತ್ತಿದ್ದಳು. ಯಾರ ಮಾತು ಎಂದು ಆಕೆಗೆ ಮೊದಲು ತಿಳಿಯಲೇ ಇಲ್ಲ.

"ಹಾಂ, ಆಕಿನಾ?" ಎಂದಳು ಆಮೇಲೆ. "ಏನ ಮಾಡಿದ್ಲು ಅನ್ನೂದು ನೆಪ್ಪಿಲ್ಲ ನೋಡ್ರಿ. ಏನೋ ಮಾಡಿದ್ಲು, ಅದಕ್ಕ ಬಿಡಿಸಿದ್ವಿ."

ಹೊಸ್ತಿಲ ಮೇಲೆ ಕುಳಿತು, ಮತ್ತೆ ಮೊದಲಿನಿಂದ ಹೇಳತೊಡಗಿದೆ.